ಮನೆಗೆ ಬಂದ ಚಿತ್ರ, ಮನೆಯದಲ್ಲದ ಮಾತು

ಚಲಚ್ಚಿತ್ರದ ವಿಮರ್ಶೆಗೆ ಒಂದು ಕಾಲದಲ್ಲಿ ಬಹು ಸರಳವಾದ ಪ್ರಯೋಜನವಿದ್ದಿತು. ವಾರಪತ್ರಿಕೆ ಕೈಗೆ ಬಂದೊಡನೆ ಮನೆಯ ಯಜಮಾನರು ಧಾರಾವಾಹಿ ಕಾದಂಬರಿಯ ಪುಟಗಳನ್ನು ಹೆಂಡತಿ ಮಕ್ಕಳಿಗೆ ಬಿಟ್ಟುಕೊಟ್ಟು (ಬಿಟ್ಟುಕೊಡದೆ ಬೇರೆ ದಾರಿಯೂ ಇರಲಿಲ್ಲವೆನ್ನಿ), ಸಿನಿಮಾ ಪುಟವನ್ನು ಓದಿ, ಸಂಸಾರಸಮೇತ ಟಾಕೀಸಿಗೆ ಹೋಗುವುದು ಲಾಭವೋ ನಷ್ಟವೋ ಎಂಬುದನ್ನು ನಿರ್ಧರಿಸುತ್ತಿದ್ದರು. ತಿಕೋಟಾ, ಬಬಲೇಶ್ವರಗಳಂತಹ ಊರುಗಳಲ್ಲಿ ಈ ನಿರ್ಧಾರದ ತೂಕ ಇನ್ನೂ ಹೆಚ್ಚು. ಅಲ್ಲಿಂದ ವಿಜಯಪುರಕ್ಕೆ ಬಸ್ಸಿನ ಹಾದಿ ಸುಮಾರು 20-25 ಕಿಲೋಮೀಟರು. ಟಿಕೇಟಿನ ಹಣದೊಡನೆ ಬಸ್ಸಿನ ಹಣ, ಚಹಾ ಚುರಮರಿಯ ಹಣ, ಕೊನೆಯ ಬಸ್ಸು ತಪ್ಪಿದರೆ ಬಂಧುಗಳ ಮನೆಯ ಕದ ತಟ್ಟುವ ಸಂಕೋಚ. ಇಷ್ಟೆಲ್ಲವನ್ನೂ ತೆತ್ತು ನೋಡಿದ ಚಿತ್ರ ಕೆಟ್ಟದ್ದಾದರೆ ಶಿಫಾರಸು ಮಾಡಿದವರ ಗತಿ ಹೇಳತೀರದು.

ಇಂದು ಆ ಹಾದಿ ಇಲ್ಲವಾಗಿದೆ. ಓಟಿಟಿ ಎಂದು ಎಲ್ಲರೂ ಕರೆಯುವ ಅಂತರಜಾಲದ ವೇದಿಕೆಗಳ ಮೂಲಕ ಚಿತ್ರವೇ ಮನೆಗೆ ಬರುತ್ತದೆ. ದ್ರಾಕ್ಷಿ ತೋಟದ ಕಾವಲಿಗೆ ಕುಳಿತ ತರುಣನ ಅಂಗೈಯಲ್ಲಿಯೂ, ನಗರದ ಬಡಾವಣೆಯ ಪಡಸಾಲೆಯಲ್ಲಿಯೂ ಒಂದೇ ಚಿತ್ರ ಒಂದೇ ಗಳಿಗೆಯಲ್ಲಿ ತೆರೆದುಕೊಳ್ಳುತ್ತದೆ. ಹೀಗಿರುವಾಗ ವಿಮರ್ಶಕನ ಮಾತಿಗೆ ಬೆಲೆ ಉಳಿದಿದೆಯೆ? ಉಳಿದಿದೆ, ಆದರೆ ಅವನಿಂದ ಅಪೇಕ್ಷಿಸುವ ಮಾತು ಬೇರೆಯಾಗಿದೆ. ‘ಹೋಗಬೇಕೆ, ಬೇಡವೆ’ ಎಂಬ ಹಳೆಯ ಪ್ರಶ್ನೆಗೆ ಉತ್ತರ ಬೇಕಾದವರು ಕಡಿಮೆ. ಬೇಡವಾದರೆ ಹತ್ತನೆಯ ನಿಮಿಷಕ್ಕೆ ಆರಿಸಿಬಿಡಬಹುದು. ‘ಈ ಚಿತ್ರದಲ್ಲಿ ಮಾತನಾಡುತ್ತಿರುವವರು ಯಾರು? ಇದು ಯಾವ ಊರಿನ ಬಾಳು?’ ಎಂಬುದು ಈಗಿನ ಪ್ರಶ್ನೆ. ವಿಜಯಪುರ ಸೀಮೆಯ ಪ್ರೇಕ್ಷಕನಿಗೆ ಈ ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತದೆ. ಬೆಂಗಳೂರಿನಲ್ಲಿ ಬರೆದ ವಿಮರ್ಶೆಗಳಲ್ಲಿ ಇದಕ್ಕೆ ಉತ್ತರ ದೊರೆಯುವುದು ಅಪರೂಪ.

ಚಿತ್ರದ ನಂಟು ಈ ಸೀಮೆಗೆ ಹೊಸದೇನಲ್ಲ. ಆಗಿನ ವಿಜಾಪುರ ಜಿಲ್ಲೆಗೆ ಸೇರಿದ್ದ, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಮನೆಮಾತಾದರು. ವಿಜಯಪುರದ ಅಮೀರ್ ಟಾಕೀಸು ಹೊತ್ತದ್ದು ಅವರ ಹೆಸರನ್ನೇ. 1965ರಲ್ಲಿ ಅವರು ತೀರಿಕೊಂಡರು. ಅವರ ಬಾಳಿನ ಕಥೆಯನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ಆದರೆ ಆ ಕಂಠಕ್ಕೆ ಕೀರ್ತಿ ತಂದದ್ದು ಹಿಂದಿಯ ಹಾಡು. ಈ ನೆಲದ ದನಿ ಬೆಳ್ಳಿತೆರೆಯನ್ನು ಬಹು ಬೇಗ ಮುಟ್ಟಿತು. ಈ ನೆಲದ ಮಾತು ಮಾತ್ರ ಇನ್ನೂ ಬಾಗಿಲ ಬಳಿಯೇ ನಿಂತಿದೆ.

ಬೀಗ ಬಿದ್ದ ಟಾಕೀಸು, ತೆರೆದ ಕಿಟಕಿ

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನ ಕಾರಣದಿಂದ ಟಾಕೀಸುಗಳಿಗೆ ಬೀಗ ಬಿದ್ದಿತು. ಆ ವರುಷದ ಜುಲೈ 17ರಂದು ‘ಲಾ’ ಎಂಬ ಚಿತ್ರ ಟಾಕೀಸಿನ ಮುಖ ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು. ಮರುವಾರವೇ, 24ರಂದು, ‘ಫ್ರೆಂಚ್ ಬಿರಿಯಾನಿ’ ಬಂದಿತು. ಎರಡೂ ಪುನೀತ್ ರಾಜಕುಮಾರರ ಪಿಆರ್‌ಕೆ ಸಂಸ್ಥೆಯವು. ಅಕ್ಟೋಬರಿನಲ್ಲಿ ‘ಭೀಮಸೇನ ನಳಮಹಾರಾಜ’ ಬಂದಿತು. ಪುನೀತರು ತೀರಿಕೊಂಡ ಮರುವರುಷ, 2022ರಲ್ಲಿ, ಅದೇ ಸಂಸ್ಥೆಯ ‘ಒನ್ ಕಟ್ ಟು ಕಟ್’, ‘ಫ್ಯಾಮಿಲಿ ಪ್ಯಾಕ್’, ‘ಮ್ಯಾನ್ ಆಫ್ ದಿ ಮ್ಯಾಚ್’ ಚಿತ್ರಗಳು ಒಂದರ ಹಿಂದೊಂದು ಇದೇ ದಾರಿಯಲ್ಲಿ ಬಂದವು.

ಇವುಗಳ ಬಗೆಗೆ ವಿಮರ್ಶಕರು ಏನು ಹೇಳಿದರು? ‘ಲಾ’ ಚಿತ್ರದ ನ್ಯಾಯಾಲಯದ ವಾದದಲ್ಲಿ ಬಿಗಿ ಸಾಲದೆಂದರು. ‘ಭೀಮಸೇನ’ನ ಅಡಿಗೆಮನೆಯ ಘಮವನ್ನು ಮೆಚ್ಚಿ, ಕಥೆ ಹಿಂದೆ ಮುಂದೆ ಜಿಗಿಯುವುದನ್ನು ಆಕ್ಷೇಪಿಸಿದರು. ಅಭಿಪ್ರಾಯಗಳು ತಪ್ಪೆನ್ನುವಂತಿಲ್ಲ. ಆದರೆ ಅವೆಲ್ಲ ನಿರೂಪಣೆಯ ವೇಗ, ತಿರುವು, ಛಾಯಾಗ್ರಹಣ ಎಂಬ ಮೂರು ನಾಲ್ಕು ಅಳತೆಗೋಲುಗಳಿಂದ ಅಳೆದವು. ಆ ಗೋಲಿನಲ್ಲಿ ಊರಿನ ಗುರುತಿಗೆ ಒಂದು ಗೀಟೂ ಇಲ್ಲ.

‘ಫ್ರೆಂಚ್ ಬಿರಿಯಾನಿ’ಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಶಿವಾಜಿನಗರದ ಆಟೋ ಚಾಲಕನೊಬ್ಬನ ಸುತ್ತ ಹೆಣೆದ ವಿನೋದ ಅದು. ಅವನ ಬಾಯಿಂದ ಕನ್ನಡ ಮತ್ತು ದಖನಿ ಉರ್ದು ಕಲೆತು ಬರುತ್ತವೆ. ಅದು ಮಹಾನಗರದ ವಿಶಿಷ್ಟ ಹಾಸ್ಯವೆಂದು ಬಗೆದವರು ಹಲವರು. ವಿಜಯಪುರದವನಿಗೆ ಅದರಲ್ಲಿ ವಿಶೇಷವೇನಿದೆ? ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ ಎರಡನೆಯ ಇಬ್ರಾಹಿಂ ಆದಿಲಶಾಹ ಆಳಿದ ಊರು ಇದು. ಇಲ್ಲಿನ ಓಣಿಗಳಲ್ಲಿ ಒಂದೇ ನಾಲಿಗೆ ಗಳಿಗೆಗೊಮ್ಮೆ ಕನ್ನಡಕ್ಕೂ ದಖನಿಗೂ ಹೊರಳುವುದು ನಗೆಯ ಮಾತಲ್ಲ, ನಿತ್ಯದ ವ್ಯವಹಾರ. ತರಕಾರಿ ಕೊಳ್ಳುವ ಗೃಹಿಣಿಯೂ ಹಾಗೆಯೇ ಮಾತನಾಡುತ್ತಾಳೆ. ಆ ಚಿತ್ರವನ್ನು ಇಲ್ಲಿಂದ ವಿಮರ್ಶಿಸಿದ್ದರೆ, ಮಿಶ್ರ ಭಾಷೆ ಎಲ್ಲಿ ಸಹಜ, ಎಲ್ಲಿ ಚಪ್ಪಾಳೆಗಾಗಿ ಹೊಸೆದದ್ದು ಎಂಬುದನ್ನು ಕಿವಿಯೇ ಹೇಳಿಬಿಡುತ್ತಿದ್ದಿತು.

ಗದುಗಿನ ಉಡಾಳ ಮತ್ತು ವಿಜಯಪುರದ ಕಿವಿ

ನೇರವಾಗಿ ಮನೆಗೆ ಬಂದ ಕನ್ನಡ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಟ್ಟಿಗೆ ಮುಖ್ಯವಾದುದು ‘ರತ್ನನ್ ಪ್ರಪಂಚ’. 2021ರ ಅಕ್ಟೋಬರ್ 22ರಂದು ಅದು ಅಮೆಜಾನ್ ಪ್ರೈಮ್‌ಗೆ ಬಂದಿತು. ನಿರ್ದೇಶಕರು ರೋಹಿತ್ ಪದಕಿ. ಬೆಂಗಳೂರಿನ ವಿಮಾ ಏಜೆಂಟ ರತ್ನಾಕರನಿಗೆ ತನ್ನ ಬಾಯಿಬಡುಕಿ ತಾಯಿ ಹೆತ್ತವಳಲ್ಲ, ಸಾಕಿದವಳೆಂದು ತಿಳಿಯುತ್ತದೆ. ಹೆತ್ತವಳನ್ನೂ ಒಡಹುಟ್ಟಿದವರನ್ನೂ ಹುಡುಕುತ್ತ ಹೊರಟವನು ಗದುಗಿಗೆ ಬರುತ್ತಾನೆ. ಅಲ್ಲಿ ಅವನಿಗೆ ದೊರೆಯುವವನು ‘ಉಡಾಳ ಬಾಬುರಾವ್’ ಎಂಬ ತಮ್ಮ. ರತ್ನಾಕರನಾಗಿ ಧನಂಜಯ, ತಾಯಿಯಾಗಿ ಉಮಾಶ್ರೀ, ಬಾಬುರಾವನಾಗಿ ಪ್ರಮೋದ್, ಅವನನ್ನು ಸಾಕಿದ ತಾಯಿಯಾಗಿ ಶ್ರುತಿ.

ವಿಮರ್ಶಕರ ಒಟ್ಟು ಮಾತು ಹೀಗಿತ್ತು: ಚಿತ್ರ ಉದ್ದವಾಯಿತು, ಮೊದಲರ್ಧ ಎಳೆಯಿತು, ಆದರೆ ಗದುಗಿನ ಭಾಗ ಬಂದಾಗ ಜೀವ ಬಂದಿತು, ಪ್ರಮೋದ್ ಎಲ್ಲರನ್ನೂ ಮೀರಿಸಿದರು. ಈ ಮೆಚ್ಚುಗೆ ನ್ಯಾಯವಾದುದೇ. ಬಾಬುರಾವನ ಸಿಟ್ಟು, ಅದರ ಕೆಳಗಿನ ಅಳು, ತಾಯಿಯ ಮುಂದೆ ಮಾತ್ರ ಮೆತ್ತಗಾಗುವ ಗಂಡಸುತನ ಇವನ್ನು ಈ ಕಡೆಯ ಯಾವ ಮನೆಯವರೂ ಗುರುತಿಸದೆ ಇರಲಾರರು. ಒಂದೊಂದು ಓಣಿಯಲ್ಲಿಯೂ ಅಂತಹ ಒಬ್ಬ ತಮ್ಮನಿದ್ದಾನೆ. ಅವನ ಹೆಸರೆತ್ತಿದರೆ ತಾಯಿ ಮೊದಲು ಬೈಯುತ್ತಾಳೆ, ಆಮೇಲೆ ಅವನು ಉಂಡನೆ ಎಂದು ಕೇಳುತ್ತಾಳೆ.

ವಿಮರ್ಶೆ ನಿಂತುಹೋದುದು ಈ ಹಂತದಲ್ಲಿ. ‘ಉತ್ತರ ಕರ್ನಾಟಕದ ಭಾಷೆ ಸೊಗಸಾಗಿದೆ’ ಎಂದು ಒಂದು ವಾಕ್ಯ ಬರೆದು ಬೆಂಗಳೂರು ಕೈತೊಳೆದುಕೊಂಡಿತು. ಯಾವ ಉತ್ತರ ಕರ್ನಾಟಕ? ಗದುಗು, ಧಾರವಾಡದ ಕಡೆಯವನು ‘ಬರಾಕತ್ತೇನಿ’ ಎನ್ನುವಲ್ಲಿ ವಿಜಯಪುರದವನು ‘ಬರ್ಲಾಕತ್ತೀನಿ’ ಎನ್ನುವುದುಂಟು. ಒಂದೆಡೆ ‘ಐತಿ’ ಮೇಲುಗೈಯಾದರೆ ಇನ್ನೊಂದೆಡೆ ‘ಅದ’ ಜೊತೆಗೆ ಬರುತ್ತದೆ. ಒಂದೇ ಊರಿನಲ್ಲಿ ಮನೆ ಬದಲಾದಂತೆ ಅದೂ ಬದಲಾಗುತ್ತದೆ. ತಿಕೋಟಾದಿಂದ ಪಶ್ಚಿಮಕ್ಕೆ ಹೋದಂತೆ ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಹತ್ತಿರವಾಗಿ ಮಾತಿನಲ್ಲಿ ಮರಾಠಿಯ ನೆರಳಾಡುತ್ತದೆ. ಬಬಲೇಶ್ವರದಿಂದ ಜಮಖಂಡಿಯ ದಾರಿ ಹಿಡಿದರೆ ಕೃಷ್ಣಾತೀರದ ಲಯ ಬೇರೆ. ಇಷ್ಟೂ ಒಂದು ಮಧ್ಯಾಹ್ನದ ಬಸ್ಸಿನ ಪ್ರಯಾಣದೊಳಗೆ ಕೇಳಸಿಗುವ ಭೇದಗಳು. ಚಿತ್ರದ ಸಂಭಾಷಣಾಕಾರರು ಈ ನಾಡಿಗೆಲ್ಲ ಒಂದೇ ‘ಐತಿ’, ಒಂದೇ ‘ಲೇ ಮಗನ’ ಹಚ್ಚಿ ಸಾಗಹಾಕುವುದು ಎಲ್ಲ ಸೊಪ್ಪಿಗೂ ಒಂದೇ ಒಗ್ಗರಣೆ ಹಾಕಿದ ಹಾಗೆ.

ಇನ್ನೂ ಒಂದು ಮಾತು ಮುಖ್ಯ. ಈ ಕಡೆಯ ನುಡಿಯ ಹೃದಯವಿರುವುದು ಬೈಗುಳದಲ್ಲಲ್ಲ, ‘ರಿ’ಕಾರದಲ್ಲಿ. ‘ಬರ್ರಿ’, ‘ಹೌದ್ರಿ’, ‘ಯಾಕ್ರಿ ಕಾಕಾ’, ‘ಕೂಡ್ರಿ ಯವ್ವಾ’ ಎಂದು ಹೆಜ್ಜೆಹೆಜ್ಜೆಗೆ ಗೌರವ ಸುರಿಯುವ ಮಾತು ಇದು. ಪರಿಚಯವಿಲ್ಲದ ಚಿಕ್ಕ ಹುಡುಗನನ್ನು ‘ತಮ್ಮಾ’ ಎನ್ನದೆ ಕರೆದರೆ ಕರೆದವರೇ ಒರಟರೆನಿಸುತ್ತಾರೆ. ತೆರೆಯ ಮೇಲೆ ಮಾತ್ರ ಉತ್ತರ ಕರ್ನಾಟಕದವನು ಬಾಯಿ ತೆರೆದರೆ ಜಗಳಕ್ಕೇ ನಿಂತಂತಿರುತ್ತದೆ.

ಭೀಮೆಯ ನೆರಳು

ಈ ಒರಟುತನಕ್ಕೆ ಒಂದು ಇತಿಹಾಸವಿದೆ. 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಚಿತ್ರ ಬಂದಿತು. ಭೀಮಾತೀರದ ಹಂತಕನೊಬ್ಬನ ಬದುಕನ್ನು ಆಧರಿಸಿದ ಆ ಚಿತ್ರದಲ್ಲಿ ವಿಜಯ್ ನಾಯಕರು. ಕಥೆ ಯಾರದೆಂಬ ವಿವಾದವೂ ಎದ್ದಿತು. ಅಂದಿನಿಂದ ವಿಜಯಪುರವೆಂದರೆ ಭೀಮೆ, ಭೀಮೆಯೆಂದರೆ ಬಂದೂಕು ಎಂಬ ಸಮೀಕರಣ ರಾಜ್ಯದ ಉಳಿದ ಭಾಗದವರ ಮನಸ್ಸಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ನಕಾಶೆಯನ್ನು ಬಿಚ್ಚಿ ನೋಡುವವರಾರು? ಭೀಮಾ ನದಿ ಹರಿಯುವುದು ಜಿಲ್ಲೆಯ ಉತ್ತರ ಅಂಚಿನಲ್ಲಿ. ತಿಕೋಟಾ, ಬಬಲೇಶ್ವರಗಳು ಡೋಣಿಯ ಸೀಮೆಗೆ, ದಕ್ಷಿಣದ ಕೃಷ್ಣೆಗೆ ಹತ್ತಿರದವು. ಆದರೂ ಈ ಊರುಗಳ ಹುಡುಗ ಬೆಂಗಳೂರಿನಲ್ಲಿ ಓದಲು ಹೋಗಿ ಜಿಲ್ಲೆಯ ಹೆಸರು ಹೇಳಿದರೆ, ಸಹಪಾಠಿಗಳು ಅವನ ಮುಂದೆ ಅದೇ ಹಳೆಯ ಹಾಸ್ಯವನ್ನು ಇಡುತ್ತಾರೆ.

ಸೌಜನ್ಯವುಳ್ಳ ಚಿತ್ರಗಳಲ್ಲಿಯೂ ಈ ಹಂಚಿಕೆ ತಪ್ಪಿಲ್ಲ. 2023ರ ಮಾರ್ಚಿನಲ್ಲಿ ತೆರೆಕಂಡು ಮರುತಿಂಗಳೇ ಓಟಿಟಿಗೆ ಬಂದ ‘ಗುರುದೇವ್ ಹೊಯ್ಸಳ’ ನಡೆಯುವುದು ಬೆಳಗಾವಿಯಲ್ಲಿ; ಜಾತಿಯ ಕಟ್ಟಿಗೆ ಬಲಿಯಾಗುವ ಪ್ರೇಮಿಗಳ ಕಥೆ ಅದರ ಒಡಲಲ್ಲಿದೆ, ಉದ್ದೇಶವೂ ಒಳ್ಳೆಯದು. ಬಲಿ ಎಂಬ ಖಳನ ಪಾತ್ರದಲ್ಲಿ ನವೀನ್ ಶಂಕರ್ ನಡುಕ ಹುಟ್ಟಿಸುತ್ತಾರೆ. ವಿಮರ್ಶಕರು ಅವರನ್ನು ಹೊಗಳಿದುದು ಸರಿಯೇ. ಆದರೆ ಸ್ಥಳೀಯ ಮಾತಿನ ಕಸುವೆಲ್ಲ ಖಳನ ಬಾಯಿಗೆ ಹೋಗಿ, ಕಾನೂನಿನ ಮಾತು ಮಾತ್ರ ದಕ್ಷಿಣದ ಧಾಟಿಯಲ್ಲಿ ಬರುವುದೇಕೆ? ಹಾಸ್ಯಗಾರ, ಕೂಲಿಯವ, ಕೊಲೆಗಾರ ಈ ಮೂವರಿಗೆ ಧಾರಾಳವಾಗಿ ದೊರೆತ ಉತ್ತರದ ನುಡಿ ಪ್ರೇಮಿಗೆ, ವೈದ್ಯೆಗೆ, ಕಾಲೇಜಿನ ಅಧ್ಯಾಪಕನಿಗೆ ದೊರೆತುದು ಎಷ್ಟು ಸಲ? ವಿಜಯಪುರದ ಪಡಸಾಲೆಯಲ್ಲಿ ಕುಳಿತ ಸಂಸಾರಕ್ಕೆ ಚಿತ್ರದ ವೇಗಕ್ಕಿಂತ ಇದೇ ದೊಡ್ಡ ವಿಮರ್ಶೆಯ ವಿಷಯ.

ನುಡಿಗೆ ಯೋಗ್ಯತೆ ಸಾಲದೆಂಬ ವಾದಕ್ಕೆ ಮಾತ್ರ ಅವಕಾಶವಿಲ್ಲ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಷ್ಟು ಹಿಂದೆಯೇ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದು ಹೆಣ್ಣುಮಕ್ಕಳ ಬಾಯಿಮಾತಿನ ಕಾವ್ಯವನ್ನು ವಿದ್ವಾಂಸರ ಮುಂದೆ ಇಟ್ಟಿದ್ದರು. ನಾಗಾಭರಣರ ‘ನಾಗಮಂಡಲ’ 1997ರಲ್ಲಿ ಉತ್ತರದ ಮಾತಿನಲ್ಲಿಯೇ ಪ್ರೇಮದ ಕಥೆಯನ್ನು ಹೇಳಿತು. ಈ ಶತಮಾನದ ಮೊದಲ ವರುಷಗಳಲ್ಲಿ ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಧಾರಾವಾಹಿ ಧಾರವಾಡದ ಕನ್ನಡವನ್ನು ಮೈಸೂರಿನ ಅಡಿಗೆಮನೆಯವರೆಗೆ ಒಯ್ದಿತು. ಅರ್ಥವಾಗಲಿಲ್ಲವೆಂದು ಯಾರೂ ಟಿ.ವಿ. ಆರಿಸಲಿಲ್ಲ.

ಬೇರೆ ಸೀಮೆಗಳ ಮಾತಿಗೆ ಒದಗಿದ ಭಾಗ್ಯವನ್ನೂ ನೋಡಬಹುದು. ಮಂಡ್ಯದ ಹಳ್ಳಿಗರನ್ನೇ ನಟರನ್ನಾಗಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. 2025ರ ಜುಲೈಯಲ್ಲಿ ಬಂದ ಜೆ. ಪಿ. ತುಮಿನಾಡರ ‘ಸು ಫ್ರಮ್ ಸೋ’ ಕರಾವಳಿಯ ಒಂದು ಸಣ್ಣ ಊರಿನ ಮಾತು, ನಗೆ, ದೆವ್ವದ ಭಯಗಳನ್ನು ಇಟ್ಟುಕೊಂಡೇ ರಾಜ್ಯವನ್ನೆಲ್ಲ ಟಾಕೀಸಿಗೆ ಎಳೆಯಿತು. ಸೆಪ್ಟೆಂಬರಿನಲ್ಲಿ ಜಿಯೋಹಾಟ್‌ಸ್ಟಾರ್ ಮೂಲಕ ಮನೆಗಳನ್ನೂ ಹೊಕ್ಕಿತು. ಅದನ್ನು ನೋಡಿ ತಿಕೋಟಾದವರು ನಕ್ಕಿದ್ದಾರೆ. ಮಂಗಳೂರಿನವರು ತಿಕೋಟಾವನ್ನು ನೋಡಿ ನಗುವ, ಅಳುವ ಸರದಿ ಇನ್ನೂ ಬರಬೇಕು.

ನೀರಿನ ಕಥೆಗೆ ಕಾಯುತ್ತಿರುವ ಊರುಗಳು

ಕಥೆಗಳಿಗೇನು ಬರವೆ? ಕರ್ನಾಟಕದಲ್ಲಿ ದ್ರಾಕ್ಷಿ ಬೆಳೆಗೆ ಮೊದಲ ಸ್ಥಾನ ವಿಜಯಪುರ ಜಿಲ್ಲೆಗೆ. ತಿಕೋಟಾ ಆ ಬೆಳೆಯ ತವರು, ಒಣದ್ರಾಕ್ಷಿಯ ಶೆಡ್ಡುಗಳ ಊರು. ಬರಗಾಲದ ವರುಷಗಳಲ್ಲಿ ಬಳ್ಳಿ ಒಣಗದಿರಲೆಂದು ರೈತರು ಸಾಲ ತೆಗೆದು ಟ್ಯಾಂಕರ್ ನೀರು ಕೊಂಡು ಬುಡಕ್ಕೆ ಹನಿಸಿದರು. ಹಣ್ಣು ಕೈಗೆ ಬರುವ ಹೊತ್ತಿಗೆ ಅಕಾಲದ ಒಂದು ಮಳೆ ಬಿದ್ದರೆ ಎಲ್ಲವೂ ನೆಲದ ಪಾಲು. ಸಾಲ, ನೀರು, ಆಕಾಶ ಈ ಮೂರರ ನಡುವೆ ಸಿಕ್ಕಿಕೊಂಡ ಒಂದು ಸಂಸಾರಕ್ಕಿಂತ ದೊಡ್ಡ ಕುತೂಹಲದ ಕಥೆಯನ್ನು ಯಾವ ಪತ್ತೇದಾರಿ ಧಾರಾವಾಹಿ ಕೊಟ್ಟೀತು?

ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಕಥೆಯೂ ಹೀಗೆಯೇ. ಕೃಷ್ಣೆಯ ನೀರನ್ನು ಮೇಲೆತ್ತಿ ಈ ಒಣ ಎರೆಯ ಹೊಲಗಳಿಗೆ ಹರಿಸಿದರು. 2022ರ ಕೊನೆಯಲ್ಲಿ ಆ ನೀರು ಗಡಿಯಾಚೆ ಜತ್ತ ತಾಲೂಕನ್ನು ಮುಟ್ಟಿದಾಗ, ಅಲ್ಲಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿ ಎರಡೂ ರಾಜ್ಯಗಳಲ್ಲಿ ಕೋಲಾಹಲವೆದ್ದಿತು. ಗಡಿಗೆರೆ ನೀರಿಗೆ ತಿಳಿಯದು, ತಿಳಿಯುವುದು ಮನುಷ್ಯರಿಗೆ. ಇದಕ್ಕಿಂತ ಒಳ್ಳೆಯ ಚಿತ್ರಕಥೆಯನ್ನು ಕುಳಿತು ಕಲ್ಪಿಸುವುದು ಕಷ್ಟ. ಇನ್ನು ತಾಂಡಾಗಳಿಂದ ಮಹಾರಾಷ್ಟ್ರಕ್ಕೆ, ಗೋವೆಗೆ ಗುಳೆ ಹೋಗುವ ಲಂಬಾಣಿ ಕುಟುಂಬಗಳಿವೆ. ಉತ್ಸವ್ ಗೋನವಾರರ ‘ಫೋಟೋ’ ಚಿತ್ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ರಾಯಚೂರಿನ ಕಡೆಗೆ ನಡೆದುಹೊರಟ ತಂದೆ ಮಗನನ್ನು ರಾಯಚೂರಿನ ಮಾತಿನಲ್ಲಿಯೇ ತೋರಿಸಿ, 2024ರಲ್ಲಿ ತೆರೆಕಂಡಿತು. ಆ ಧೈರ್ಯ ವಿಜಯಪುರದ ಪಾಲಿಗೆ ಇನ್ನೂ ಒದಗಬೇಕಾಗಿದೆ. ಸದ್ಯಕ್ಕೆ ಚಿತ್ರತಂಡಗಳು ಇಲ್ಲಿ ಬಂದರೆ ಗೋಲಗುಮ್ಮಟದ ಮೇಲೆ ಡ್ರೋನು ಹಾರಿಸಿ, ಒಂದು ರೊಟ್ಟಿ ಬಡಿಯುವ ದೃಶ್ಯ ತೆಗೆದುಕೊಂಡು ಹೋಗುತ್ತವೆ.

ಇಂತಹ ಚಿತ್ರವೊಂದು ತಯಾರಾದರೂ ಅದನ್ನು ಕೊಳ್ಳುವವರಾರು ಎಂಬ ಪ್ರಶ್ನೆ ಸಣ್ಣದಲ್ಲ. ಸೋಂಕಿನ ದಿನಗಳ ಉತ್ಸಾಹ ಇಳಿದ ಮೇಲೆ ಕನ್ನಡ ಚಿತ್ರಗಳನ್ನು ನೇರವಾಗಿ ಕೊಳ್ಳುವುದರಲ್ಲಿ ದೊಡ್ಡ ವೇದಿಕೆಗಳು ಕೈ ಬಿಗಿ ಹಿಡಿದವು. ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ರಕ್ಷಿತ್ ಶೆಟ್ಟಿಯವರು ಯಾವ ವೇದಿಕೆಯೂ ಒಪ್ಪದ ಕಾರಣ 2024ರ ಜುಲೈಯಲ್ಲಿ ಸ್ವಂತ ಅಂತರಜಾಲ ತಾಣದಲ್ಲಿಯೇ ಬಿಡುಗಡೆ ಮಾಡಬೇಕಾಯಿತು. ಹೆಸರಿದ್ದ ನಟ ನಿರ್ಮಾಪಕರಿಗೇ ಹೀಗಾದರೆ ಹೊಸಬರ ಪಾಡು ಊಹಿಸಬಹುದು. ಸಣ್ಣ ಚಿತ್ರಗಳಿಗೆ ವೇದಿಕೆಗಳು ಮುಂಗಡವಾಗಿ ಬೆಲೆ ಕೊಡದೆ, ಪ್ರೇಕ್ಷಕರು ನೋಡಿದ ಗಂಟೆಗಳ ಲೆಕ್ಕ ಹಾಕಿ ಹಣ ಕೊಡುವ ಪದ್ಧತಿಯೂ ಇದೆ.

ಈ ಕೊನೆಯ ಮಾತು ಪ್ರತಿಯೊಂದು ಮನೆಗೂ ಸಂಬಂಧಿಸಿದುದು. ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ಹಣ. ಕೊನೆಯವರೆಗೆ ನೋಡಿದರೆ ಪೂರ್ತಿ. ಟೆಲಿಗ್ರಾಮಿನಲ್ಲಿ ಬಂದ ಕದ್ದ ಪ್ರತಿಯನ್ನು ನೋಡಿದರೆ ನಿರ್ಮಾಪಕನಿಗೆ ಬಿಡಿಗಾಸೂ ಇಲ್ಲ. ‘ಶಾಖಾಹಾರಿ’, ‘ಬ್ಲಿಂಕ್’, ‘ಡೇರ್‌ಡೆವಿಲ್ ಮುಸ್ತಾಫಾ’ದಂತಹ ಚಿತ್ರಗಳು ಓಟಿಟಿಯಲ್ಲಿ ಹೊಸ ಪ್ರೇಕ್ಷಕರನ್ನು ಪಡೆದುದರಲ್ಲಿ ಪತ್ರಿಕೆಯ ವಿಮರ್ಶೆಯಷ್ಟೇ ಪಾಲು ಬಾಯಿಮಾತಿಗೂ ಸಲ್ಲುತ್ತದೆ. ಮದುವೆಯ ಊಟದ ಪಂಕ್ತಿಯಲ್ಲಿ ‘ಅದೊಂದು ನೋಡ್ರಿ, ಛಲೋ ಅದ’ ಎಂದು ಹೇಳಿದ ಚಿಗವ್ವನ ಮಾತು ಈಗ ವೇದಿಕೆಯ ಲೆಕ್ಕದ ಪುಸ್ತಕವನ್ನು ನೇರವಾಗಿ ಮುಟ್ಟುತ್ತದೆ.

ಮಕ್ಕಳಿರುವ ಮನೆಯವರು ತಿಳಿದಿರಬೇಕಾದ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಬಹುದು. ಟಾಕೀಸಿನ ಚಿತ್ರಕ್ಕೆ ಇರುವ ಸೆನ್ಸಾರ್ ಮಂಡಲಿಯ ಕಡ್ಡಾಯ, ನೇರವಾಗಿ ಓಟಿಟಿಗೆ ಬರುವ ಚಿತ್ರಕ್ಕಿಲ್ಲ. 2021ರ ಕೇಂದ್ರ ಸರ್ಕಾರದ ನಿಯಮಗಳಂತೆ ವೇದಿಕೆಗಳೇ ತಮ್ಮ ಚಿತ್ರಗಳನ್ನು ಎಲ್ಲರಿಗೂ, 7 ಮೀರಿದವರಿಗೆ, 13 ಮೀರಿದವರಿಗೆ, 16 ಮೀರಿದವರಿಗೆ, ವಯಸ್ಕರಿಗೆ ಎಂದು ವಿಂಗಡಿಸಿ ಮೊದಲೇ ತೋರಿಸಬೇಕು. ಬೀಗ ಹಾಕುವ ಅನುಕೂಲವನ್ನೂ ಕೊಡಬೇಕು. ಬೀಗ ಹಾಕುವುದು ಹೇಗೆಂದು ಕೇಳಬೇಕಾದುದು ಬಹುಶಃ ಮನೆಯ ಮಕ್ಕಳನ್ನೇ.

ಇಷ್ಟರಲ್ಲಿ ಇನ್ನೊಂದು ಬೆಳವಣಿಗೆ ವಿಮರ್ಶಕರ ಕಣ್ಣು ತಪ್ಪಿಸಿ ನಡೆದಿದೆ. ವಿಜಯಪುರ, ಜಮಖಂಡಿ, ಗದುಗಿನ ಕಡೆಯ ತರುಣರು ಫೋನಿನಲ್ಲಿಯೇ ಹತ್ತು ಹದಿನೈದು ನಿಮಿಷಗಳ ಕಿರುಚಿತ್ರಗಳನ್ನು ತೆಗೆದು ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಅವುಗಳಲ್ಲಿ ಅತ್ತೆಯೂ ಸೊಸೆಯೂ, ಸಾಲಗಾರನೂ ಸಾಹುಕಾರನೂ, ಪ್ರೇಮಿಯೂ ಅವನ ದೋಸ್ತನೂ ತಮ್ಮ ತಮ್ಮ ಊರಿನ ಮಾತನ್ನೇ ಆಡುತ್ತಾರೆ. ಬೆಳಕು ಸರಿಯಿರುವುದಿಲ್ಲ, ದನಿಯಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಹಾಸ್ಯ ಎಷ್ಟೋ ಸಲ ಅಗ್ಗದ್ದಾಗಿರುತ್ತದೆ. ಆದರೂ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾದು ಕುಳಿತವರು ಒಂದೇ ಫೋನಿಗೆ ಮೂರು ತಲೆ ಜೋಡಿಸಿ ನೋಡುವುದು ಇವುಗಳನ್ನೇ. ಯಾವ ಪತ್ರಿಕೆಯ ಚಿತ್ರವಿಮರ್ಶೆಯ ಪುಟದಲ್ಲಿಯೂ ಇವುಗಳಿಗೆ ಒಂದು ಸಾಲು ಬಿದ್ದಂತೆ ಕಾಣದು.